ನಿಮಗಿದು ಗೊತ್ತೆ? ಮಣ್ಣೂರಿನ ಎರೆಮಣ್ಣಿಗೂ ಡೈನೋಸಾರ್‌ಗಳ ಅಳಿವಿಗೂ ನಂಟಿದೆ

ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ಬೇಸಿಗೆ ಬಂತೆಂದರೆ ಬಾಯಿಬಿಡುವ ಎರೆಭೂಮಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಉಕ್ಕಿದ ಲಾವಾ ಕರಿಗಲ್ಲಾಗಿ, ಸವೆದು ಉಂಟಾದ ಮಣ್ಣು. ಡೈನೋಸಾರ್‌ಗಳನ್ನು ಅಳಿಸಿದ್ದು ಮುಖ್ಯವಾಗಿ ಈ ಲಾವಾ ಎಂದು ಪಟ್ಟುಹಿಡಿದು ವಾದಿಸಿದವರು ಭೂವಿಜ್ಞಾನಿ ಗೆರ್ಟಾ ಕೆಲ್ಲರ್. 1945ರಲ್ಲಿ ಲಿಕ್ಟನ್‌ಸ್ಟೈನ್‌ನಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಹೊಲಿಗೆ ಕಲಿತ ಈಕೆ 1978ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಡಾಕ್ಟರೇಟ್ ಪಡೆದು, ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕಿಯಾದರು. ಅವರ ಸಾಕ್ಷ್ಯ ಡೈನೋಸಾರ್ ಮೂಳೆಯಲ್ಲ. ಮರಳಿನ ಕಣದಷ್ಟು ಚಿಕ್ಕದಾದ ಫೊರಾಮಿನಿಫೆರಾ ಎಂಬ ಸಮುದ್ರಜೀವಿಗಳ ಚಿಪ್ಪು. ರಾಜಮಂಡ್ರಿಯ ಬಳಿ ಕೆಳಗಿನ ಲಾವಾ ಪದರದ ಮೇಲೆಯೇ, ಮಹಾ ಅಳಿವಿನ ನಂತರ ವಿಕಾಸವಾದ ಜೀವಿಗಳ ಚಿಪ್ಪುಗಳು ಸಿಕ್ಕವು. ಅಂದರೆ ಲಾವಾ ಹರಿದದ್ದೂ ಜೀವಿಗಳು ಅಳಿದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ.

ಹಾಗಾದರೆ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಅಪ್ಪಳಿಸಿದ ಕ್ಷುದ್ರಗ್ರಹ? ಆಕ್ಷೇಪ ಬಲವಾದದ್ದೇ. ಜಗತ್ತಿನ ಹಲವೆಡೆ ಅದೇ ಕಾಲದ ಪದರದಲ್ಲಿ, ಕ್ಷುದ್ರಗ್ರಹಗಳಲ್ಲಿ ಹೆಚ್ಚಾಗಿರುವ ಇರಿಡಿಯಂ ಲೋಹ ಇದೆ. 2010ರಲ್ಲಿ 41 ವಿಜ್ಞಾನಿಗಳು ಆ ಅಪ್ಪಳಿಕೆಯೇ ಕಾರಣವೆಂದರು. ಇಂದಿಗೂ ಬಹುಮತ ಅತ್ತಲೇ. ಆದರೆ ಕೆಲ್ಲರ್ ಸಹಲೇಖಕಿಯಾಗಿದ್ದ 2015ರ ಅಧ್ಯಯನವು, ಲಾವಾದ ಮುಖ್ಯ ಘಟ್ಟ ಅಳಿವಿಗಿಂತ ಸುಮಾರು 2.5 ಲಕ್ಷ ವರ್ಷ ಮೊದಲೇ ಶುರುವಾಯಿತೆಂದು ತೋರಿಸಿತು. ಕಾಲ ಹೊಂದಿದ ಮಾತ್ರಕ್ಕೆ ಕಾರಣ ಸಾಬೀತಾಗದು, ನಿಜ. ಆದರೂ ದಖ್ಖನ್ನನ್ನು ಬದಿಗಿಟ್ಟು ಆ ಅಳಿವಿನ ಲೆಕ್ಕ ಮುಗಿಸುವಂತಿಲ್ಲ ಎಂಬ ಸ್ಥಿತಿ ತಂದವರಲ್ಲಿ ಕೆಲ್ಲರ್ ಮುಂಚೂಣಿಯವರು. ವಾದ ಪೂರ್ತಿ ಗೆಲ್ಲದಿದ್ದರೂ ವಿಜ್ಞಾನ ಮುಂದೆ ಸಾಗುವುದು ಇಂಥ ಹಟದಿಂದಲೇ.