ಪ್ಲೇಗು ಕಟ್ಟಿಸಿದ ಮನೆಗಳು

ಮಲ್ಲೇಶ್ವರದ ಹಳೆಯ ಮನೆಗಳನ್ನು ನೋಡಲು ಬರುವವರು ಬಹುಪಾಲು ಗೇಟಿನ ಮುಂದೆಯೇ ನಿಂತು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಕಿಟಕಿಯ ಮೇಲೆ ಮರದ ಪಟ್ಟಿ ಜೋಡಿಸಿದ ಚೂಪನೆಯ ಮಂಕಿ ಟಾಪ್, ಜಗುಲಿ, ಕೆಂಪು ಗಾರೆಯ ನೆಲ. ಚೆಂದ ಹೌದು. ಆದರೆ ಮನೆಯ ಚರಿತ್ರೆ ಬೇಕೆನ್ನುವವರು ಹಿತ್ತಲಿಗೆ ಹೋಗಬೇಕು.

ಹಿತ್ತಲಿನ ಗೋಡೆಯಾಚೆ, ಬೆನ್ನಿಗೆ ಬೆನ್ನು ಹಾಕಿ ನಿಂತ ಎರಡು ಸಾಲು ಮನೆಗಳ ನಡುವೆ ಒಂದು ಓಣಿ. ಹಳಬರ ಬಾಯಲ್ಲಿ ಅದು ‘ಕನ್ಸರ್ವೆನ್ಸಿ’. ಕೆಲವು ಕಡೆ ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ಚೌಕ ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಇಟ್ಟಿಗೆ ಇಟ್ಟು, ಸಿಮೆಂಟು ಬಳಿದು ಮುಚ್ಚಿದ್ದರೂ ಗುರುತು ಹೋಗಿರುವುದಿಲ್ಲ. ಒಳಚರಂಡಿ ಬರುವುದಕ್ಕೆ ಮುಂಚೆ ಕಕ್ಕಸಿನ ಮಲವನ್ನು ಆ ಕಿಂಡಿಯಿಂದ ಹೊರಗೆಳೆದು ಹೊತ್ತೊಯ್ಯುತ್ತಿದ್ದರು. ಹೊರುವವರು ಮುಂಬಾಗಿಲ ರಸ್ತೆಯಲ್ಲಿ ಕಾಣಬಾರದು ಎಂದೇ ಈ ಓಣಿ. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅಲ್ಲಿಯವರೆಗೆ ಮನೆಮನೆಯ ಹಿಂದೆ ನಡೆದಾಡಿದವರ ಹೆಸರನ್ನು ಆ ಮನೆಗಳ ಕಾಗದಪತ್ರಗಳಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಈಚೆಗೆ ಇಂಥ ಕೆಲವು ಓಣಿಗಳಿಗೆ ಬಣ್ಣ ಬಳಿದು, ಚಿತ್ರ ಬಿಡಿಸಿ, ಕಾಲುದಾರಿ ಮಾಡಿದ್ದಾರೆ. ಒಳ್ಳೆಯದೇ. ಓಣಿ ಯಾಕೆ ಹುಟ್ಟಿತು ಎಂಬುದು ಆ ಬಣ್ಣದಡಿ ಮರೆಯಾಗದಿದ್ದರೆ ಸರಿ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬಂತು. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ್ದ ಪೇಟೆಯ ಮನೆಗಳಲ್ಲಿ ಅದಕ್ಕೆ ಹಬ್ಬ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಮುಂದೆ ತಾವೇ ದಿವಾನರಾದ ವಿ.ಪಿ. ಮಾಧವರಾವ್ ಆಗ ಪ್ಲೇಗ್ ಕಮಿಷನರ್. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ನಕ್ಷೆ ಪ್ಲೇಗಿಗಿಂತ ಮೊದಲೇ ಸಿದ್ಧವಾಗಿತ್ತು. ಆದರೆ ಪೇಟೆ ಬಿಟ್ಟು ಹೊರಡಲು ಜನರಿಗೆ ಕಾರಣ ಬೇಕಿತ್ತು. ಮರಾಠಾ ದೊರೆ ಏಕೋಜಿಯ 1669ರ ಶಾಸನವಿರುವ ಮಲ್ಲೇಶ್ವರದ ಗುಡಿಯ ದೇವರು ಈಗಲೂ ‘ಕಾಡು’ ಮಲ್ಲೇಶ್ವರನೇ. ಅಂಥ ಊರಾಚೆಗೆ ಸಂಸಾರ ಸಮೇತ ಬಂದು ಮನೆ ಕಟ್ಟಿಸಿದ್ದು ಸುಮ್ಮನೆ ಅಲ್ಲ.

ಇದು ಗೊತ್ತಾದ ಮೇಲೆ ಮನೆ ಬೇರೆಯೇ ಆಗಿ ಕಾಣುತ್ತದೆ. ನಾಲ್ಕೂ ಕಡೆ ಬಿಟ್ಟ ಜಾಗ, ಎದುರುಬದುರು ಕಿಟಕಿ, ಸೂರಿನ ಹತ್ತಿರ ಹಗ್ಗ ಎಳೆದು ತೆರೆಯುವ ಗಾಜಿನ ವೆಂಟಿಲೇಟರ್ — ಗಾಳಿ ಬೆಳಕು ಆಡಿದರೆ ರೋಗ ಸುಳಿಯದು ಎಂಬ ನಂಬಿಕೆ ಇಲ್ಲೆಲ್ಲ ಇದೆ. ನಾವು ಸೊಗಸು ಎಂದುಕೊಂಡದ್ದರಲ್ಲಿ ಅರ್ಧ ಸಾವಿನ ಭಯ. ಜಾತಿಯ ಭಯವನ್ನು ಮಾತ್ರ ಯಾರೂ ಪೇಟೆಯಲ್ಲಿ ಬಿಟ್ಟು ಬರಲಿಲ್ಲ. ಹೊಸ ಬಡಾವಣೆಯಲ್ಲೂ ಸಮುದಾಯಕ್ಕೊಂದು ಬ್ಲಾಕ್ ಎಂದೇ ವಿಂಗಡಣೆ ನಡೆಯಿತು.

ಮನೆಯ ವಯಸ್ಸಿನ ವಿಷಯದಲ್ಲಿ ಮನೆಯವರ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. “ನಮ್ಮ ಮುತ್ತಾತ ಕಟ್ಟಿಸಿದ್ದು, ನೂರೈವತ್ತು ವರ್ಷ ಆಯ್ತು” ಎಂದರೆ ತಲೆಯಾಡಿಸಿ ಕಾಫಿ ಕುಡಿಯಿರಿ. ಬಡಾವಣೆಗೇ ಅಷ್ಟು ವಯಸ್ಸಾಗಿಲ್ಲ. ಮಂಗಳೂರು ಹೆಂಚನ್ನು ಸರಿಸಿ ಮಗುಚಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ ಹೆಂಚಿನಲ್ಲಿ 1865 ಎಂದು ಕಂಡರೆ ಹಿಗ್ಗಬೇಡಿ. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ವರ್ಷ ಅದು, ನಿಮ್ಮ ಸೂರಿನದಲ್ಲ. ಅದಕ್ಕಿಂತ ಗೋಡೆ ಹೆಚ್ಚು ಹೇಳುತ್ತದೆ. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದು 1905ರಲ್ಲಿ. ಬಾಗಿಲ ಪಕ್ಕದಲ್ಲಿ ಮಸಿ ಹಿಡಿದ ದೀಪದ ಗೂಡು ಇದ್ದು, ವೈರು ಮಾತ್ರ ಗೋಡೆಯ ಮೇಲೆ ಮರದ ಪಟ್ಟಿಯೊಳಗೆ ಹರಿದಿದ್ದರೆ, ಮನೆ ಮೊದಲು, ಕರೆಂಟು ಆಮೇಲೆ.

ನಿಜವಾದ ಕಥೆ ಇರುವುದು ಟ್ರಂಕಿನೊಳಗೆ. ಹಳೆಯ ಕ್ರಯಪತ್ರ ತೆಗೆದು ನೇರ ಚಕ್ಕುಬಂದಿಗೆ ಹೋಗಬೇಕು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ನಿವೇಶನ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಕನ್ಸರ್ವೆನ್ಸಿ. ಒಂದು ಮನೆಯ ಪತ್ರದಲ್ಲಿ ಅಕ್ಕಪಕ್ಕದ ಮನೆಗಳ ಸಂಗತಿಯೂ ಸಿಕ್ಕಿಬಿಡುತ್ತದೆ. ಪಕ್ಕದ ನಿವೇಶನ ಯಾವಾಗ ಮನೆಯಾಯಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಮುಂದಿನ ಪತ್ರದ ಜೊತೆ ಇಟ್ಟು ನೋಡಿದರೆ ಬೀದಿಯೇ ಕಣ್ಣೆದುರು ಬೆಳೆಯುತ್ತದೆ.

ಹೆಂಗಸರು ಎಲ್ಲಿ ಎಂದು ಹುಡುಕಿ. ಮನೆಯನ್ನು ಒರೆಸಿ ಸಾರಿಸಿದವರು ಪತ್ರಗಳಲ್ಲಿ ಕಾಣಿಸುವುದೇ ಅಪರೂಪ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದು ವಿಧವೆಯರಿಗೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಒಂದಿಷ್ಟು ಪಾಲು ಕೊಟ್ಟಿತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಪಾಲು ಬಂದಾಗಲೂ ಎಷ್ಟೋ ಕಡೆ ಹೆಣ್ಣಿನ ಸಹಿ ಬೀಳುವುದು ಹಕ್ಕು ಬಿಡುಗಡೆ ಪತ್ರದ ಕೆಳಗೆ. ‘ಸ್ವಸಂತೋಷದಿಂದ’ ಎಂದು ಬರೆದಿರುತ್ತದೆ. ಅದರಲ್ಲಿ ಸಂತೋಷ ಎಷ್ಟಿತ್ತು ಎಂಬುದನ್ನು ಮನೆಯ ಹಿರಿಯ ಹೆಂಗಸರ ಬಾಯಿಂದಲೇ ಕೇಳಬೇಕು.

ಟ್ರಂಕಿನಲ್ಲಿ ಪತ್ರ ಸಿಗದವರಿಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್ ನಂತರದ ಋಣಭಾರ ಪ್ರಮಾಣಪತ್ರ (ಇ.ಸಿ.) ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಬೇಕು. ಸಂಸ್ಥಾನ ಕಾಲದ ಆಡಳಿತದ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ.

ಈ ಮನೆಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರಿಗೆ ನಾಲ್ಕು ಫ್ಲ್ಯಾಟು ಬೇಕಾದಾಗ ಮಂಕಿ ಟಾಪ್ ನೋಡಿ ಯಾರೂ ಮನಸ್ಸು ಬದಲಿಸುವುದಿಲ್ಲ. ಅವರನ್ನು ದೂರುವುದೂ ಸರಿಯಲ್ಲ. ಕೇಳಿಕೊಳ್ಳುವುದು ಇಷ್ಟೇ: ಬಿಲ್ಡರ್ ಕೈಗೆ ಮೂಲಪತ್ರಗಳನ್ನು ಕೊಡುವ ಮುನ್ನ ಎಲ್ಲದರ ಒಂದೊಂದು ಪ್ರತಿ ತೆಗೆದಿಡಿ. ಮನೆಯ ಫೋಟೊ ತೆಗೆಯುವಾಗ ಹಿತ್ತಲ ಗೋಡೆಯದನ್ನೂ ತೆಗೆಯಿರಿ.