ಬಸದಿಯ ಛಾವಣಿಗೆ ಮೋಷನ್ ಸೆನ್ಸರ್: ಎಲ್ಲಿ ಮತ್ತು ಹೇಗೆ ಅಳವಡಿಸಬೇಕು?

ನಮ್ಮ ರಾಜ್ಯದ ಬಹುತೇಕ ಗ್ರಾಮೀಣ ಬಸದಿಗಳಲ್ಲಿ ಸಂಜೆಯ ಆರತಿ ಮುಗಿದ ಮೇಲೆ ಬೆಳಗಿನ ಅಭಿಷೇಕದವರೆಗೆ ಯಾರೂ ಇರುವುದಿಲ್ಲ. ಸುತ್ತಲಿನ ಶ್ರಾವಕ ಕುಟುಂಬಗಳು ಉದ್ಯೋಗಕ್ಕಾಗಿ ನಗರ ಸೇರಿವೆ. ಪುರೋಹಿತರ ಮನೆ ಕೆಲವೆಡೆ ಬಸದಿಯ ಪಕ್ಕದಲ್ಲಿದ್ದರೆ ಕೆಲವೆಡೆ ಮುಂದಿನ ಊರಿನಲ್ಲಿದೆ. ಒಳಗಿರುವುದು ಶತಮಾನಗಳಿಂದ ಪೂಜೆಗೊಳ್ಳುತ್ತ ಬಂದ ಪಂಚಲೋಹದ ಜಿನಬಿಂಬಗಳು, ಯಕ್ಷ ಯಕ್ಷಿಯರ ಮೂರ್ತಿಗಳು, ಬೆಳ್ಳಿಯ ಪೂಜಾ ಸಾಮಗ್ರಿ. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದ ಬಳಿಕ ಅನೇಕ ಬಸದಿಗಳ ಆಡಳಿತ ಮಂಡಳಿಗಳು ಭದ್ರತೆಯ ಕಡೆ ಗಮನ ಕೊಡತೊಡಗಿದವು. ಸಿಸಿಟಿವಿ ಕ್ಯಾಮೆರಾ ನಡೆದದ್ದನ್ನು ದಾಖಲಿಸುತ್ತದೆ. ಕಳ್ಳ ಒಳಗಿರುವಾಗಲೇ ಊರನ್ನು ಎಬ್ಬಿಸುವುದು ಸೈರನ್. ಆ ಸೈರನ್‌ಗೆ ಸುದ್ದಿ ಮುಟ್ಟಿಸುವ ಸಾಧನಗಳಲ್ಲಿ ಮುಖ್ಯವಾದದ್ದು ಛಾವಣಿಗೆ ಕೂರಿಸುವ ಮೋಷನ್ ಸೆನ್ಸರ್.

ಆದರೆ ಇಂಥ ವ್ಯವಸ್ಥೆಗಳು ಸಾಮಾನ್ಯವಾಗಿ ಸೋಲುವುದು ಕಳ್ಳರ ಚಾಣಾಕ್ಷತೆಯಿಂದಲ್ಲ. ಬಾವಲಿ ಹಾರಿತು, ದೀಪದ ಕುಡಿ ಅಲುಗಿತು, ಹಲ್ಲಿ ಹರಿದಾಡಿತು ಎಂದು ರಾತ್ರಿ ಎರಡು ಗಂಟೆಗೆ ಸೈರನ್ ಕೂಗುತ್ತದೆ. ಮೂರು ರಾತ್ರಿ ಹೀಗಾದರೆ ನಾಲ್ಕನೆಯ ರಾತ್ರಿ ಯಾರಾದರೂ ಅದನ್ನು ಆಫ್ ಮಾಡಿಬಿಡುತ್ತಾರೆ. ಮತ್ತೆ ಅದು ಆನ್ ಆಗುವುದಿಲ್ಲ. ಆದ್ದರಿಂದ ಸೆನ್ಸರ್‌ನ ಬೆಲೆಗಿಂತ ಅದನ್ನು ಕೂರಿಸುವ ಜಾಗ ಮುಖ್ಯ.

ಇದು ಕೆಲಸ ಮಾಡುವ ಬಗೆ

ಸಾಮಾನ್ಯವಾಗಿ ಸಿಗುವುದು ಪಿ.ಐ.ಆರ್. ಬಗೆಯ ಸೆನ್ಸರ್. ಇದು ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ. ಮನುಷ್ಯನ ಮೈಯಿಂದ ಹೊಮ್ಮುವ ಶಾಖದ ಅವಗೆಂಪು ಕಿರಣವನ್ನು ಗ್ರಹಿಸುತ್ತದೆ, ಅಷ್ಟೆ. ಮುಂಭಾಗದ ಬಿಳಿ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಹತ್ತಾರು ಪಟ್ಟಿಗಳಾಗಿ ವಿಂಗಡಿಸುತ್ತದೆ. ನೆಲ, ಗೋಡೆಗಳಿಗಿಂತ ಭಿನ್ನ ಶಾಖದ ವಸ್ತುವೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಸೆನ್ಸರ್‌ಗೆ ಬದಲಾವಣೆ ತಿಳಿಯುತ್ತದೆ. ಕತ್ತಲೆಯಲ್ಲೂ ಇದು ಕೆಲಸ ಮಾಡುತ್ತದೆ. ಗಾಜಿನ ಆಚೆಗಿನದು ಇದಕ್ಕೆ ಕಾಣುವುದಿಲ್ಲ, ಕಂಬದ ಹಿಂದಿನದೂ ಕಾಣುವುದಿಲ್ಲ.

ಗೋಡೆಯ ಸೆನ್ಸರ್ ಒಂದು ದಿಕ್ಕನ್ನು ನೋಡಿದರೆ ಛಾವಣಿಯದು ಕೊಡೆ ಬಿಚ್ಚಿದಂತೆ 360 ಡಿಗ್ರಿ ಕೆಳಗೆ ನೋಡುತ್ತದೆ. ಹೆಂಚು ತೆಗೆದು ಹಗ್ಗದಲ್ಲಿ ಇಳಿದು ಬರುವವರೂ ಅದರ ನೋಟಕ್ಕೆ ಸಿಗುತ್ತಾರೆ. ಬಾಗಿಲಿಗೆ ಮಾತ್ರ ಅಲಾರಂ ಹಾಕಿದ ಬಸದಿಯಲ್ಲಿ ಈ ದಾರಿ ತೆರೆದೇ ಇರುತ್ತದೆ.

ಎರಡನೆಯ ಬಗೆ ಡ್ಯುಯಲ್ ಸೆನ್ಸರ್. ಇದರಲ್ಲಿ ಪಿ.ಐ.ಆರ್. ಜೊತೆ ಮೈಕ್ರೋವೇವ್ ಕೂಡ ಇರುತ್ತದೆ. ಎರಡೂ ಒಪ್ಪಿದರೆ ಮಾತ್ರ ಸೈರನ್. ಗಾಳಿಗೆ ಆಡುವ ದೀಪ, ಬಿಸಿಗಾಳಿ ಮುಂತಾದವುಗಳಿಂದ ಸುಳ್ಳು ಕೂಗು ಬರುವುದು ಇದರಲ್ಲಿ ಬಹಳ ಕಡಿಮೆ. ನಂದಾದೀಪ ಉರಿಯುವ ಬಸದಿಗೆ ಇದೇ ಸೂಕ್ತ. ಒಂದು ಎಚ್ಚರಿಕೆ: ಮೈಕ್ರೋವೇವ್ ಮರದ ಬಾಗಿಲು, ತೆಳು ಗೋಡೆಗಳನ್ನು ದಾಟಿ ಹೊರಗಿನ ಓಡಾಟವನ್ನೂ ಹಿಡಿಯಬಲ್ಲದು. ಅದರ ವ್ಯಾಪ್ತಿಯನ್ನು ಕೋಣೆಯ ಅಳತೆಗೆ ತಗ್ಗಿಸಬೇಕು.

ಜಾಗ ಗೊತ್ತುಮಾಡುವುದು

ಗರ್ಭಗೃಹದೊಳಗೆ ಇದನ್ನು ಹಾಕಬಾರದು. ಅಲ್ಲಿ ದೀಪದ ಶಾಖವಿದೆ, ಅಭಿಷೇಕದ ತೇವವಿದೆ, ಧೂಪದ ಹೊಗೆ ಲೆನ್ಸ್ ಮೇಲೆ ಕೂರುತ್ತದೆ. ಗರ್ಭಗೃಹದ ಬಾಗಿಲಿಗೆ ಮ್ಯಾಗ್ನೆಟಿಕ್ ಕಾಂಟ್ಯಾಕ್ಟ್ ಸಾಕು. ಮೋಷನ್ ಸೆನ್ಸರ್ ನವರಂಗದಲ್ಲಿರಲಿ. ಹೊರಗಿನಿಂದ ಬಂದವನು ಮೂರ್ತಿಯ ಬಳಿ ಹೋಗಲು ನವರಂಗವನ್ನು ದಾಟಲೇಬೇಕು.

ಅಳತೆಗೆ ಒಂದು ಉದಾಹರಣೆ ನೋಡೋಣ. ನವರಂಗ 6 ಮೀಟರ್ ಉದ್ದ, 6 ಮೀಟರ್ ಅಗಲ, ಛಾವಣಿ 3 ಮೀಟರ್ ಎತ್ತರ ಇದೆ ಎಂದುಕೊಳ್ಳಿ. ಸೆನ್ಸರ್‌ನ ಕೈಪಿಡಿಯಲ್ಲಿ ಆ ಎತ್ತರಕ್ಕೆ 7.5 ಮೀಟರ್ ವ್ಯಾಸ ಎಂದಿದ್ದರೆ, ನಡುವಿನಿಂದ ಸುತ್ತಲೂ 3.75 ಮೀಟರ್ ಅದರ ಕಾವಲು. ನಾಲ್ಕು ಗೋಡೆಗಳ ನಡುಭಾಗ ಇದರೊಳಗೆ ಬರುತ್ತದೆ. ಮೂಲೆಗಳು ನಡುವಿನಿಂದ ಸುಮಾರು 4.24 ಮೀಟರ್ ದೂರವಿರುವುದರಿಂದ ಸ್ವಲ್ಪ ಹೊರಗುಳಿಯುತ್ತವೆ. ಬಾಗಿಲಿನಿಂದ ಗರ್ಭಗೃಹಕ್ಕೆ ಹೋಗುವ ದಾರಿ ನಡುವಿನಲ್ಲೇ ಇರುವುದರಿಂದ ಇದು ದೊಡ್ಡ ಕೊರತೆಯಲ್ಲ. ಮೂಲೆಯಲ್ಲಿ ಕಿಟಕಿಯಿದ್ದರೆ ಅಥವಾ ಹುಂಡಿ, ಮೂರ್ತಿಗಳಿದ್ದರೆ ಮಾತ್ರ ಎರಡನೆಯ ಸೆನ್ಸರ್ ಬೇಕು.

ಕೈಪಿಡಿಯ ವ್ಯಾಸ ಸಾಮಾನ್ಯವಾಗಿ ನೆಲದ ಮಟ್ಟದ್ದು ಎಂಬುದನ್ನು ಮರೆಯಬಾರದು. ಕೊಡೆಯ ಆಕಾರದ ನೋಟ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಬಹುಪಾಲು ಮಾದರಿಗಳು 2.4 ರಿಂದ 3.6 ಮೀಟರ್ ಎತ್ತರಕ್ಕೆಂದು ತಯಾರಾದವು. ಅದಕ್ಕಿಂತ ಎತ್ತರದ ಮಂಟಪಕ್ಕೆ ಆ ಎತ್ತರ ನಮೂದಿಸಿರುವ ಮಾದರಿಯನ್ನೇ ಕೇಳಿ ತರಬೇಕು.

ನವರಂಗದ ನಾಲ್ಕು ಕಂಬಗಳ ಹಿಂದೆ ನೆರಳು ಬೀಳುತ್ತದೆ. ಸೆನ್ಸರ್ ಕಂಬಗಳ ನಡುವಣ ಅಂಕಣದಲ್ಲಿದ್ದರೆ ಈ ನೆರಳು ಮೂಲೆಗಳತ್ತ ಸರಿಯುತ್ತದೆ, ನಡುದಾರಿ ತೆರೆದಿರುತ್ತದೆ. ಒಂದು ಬದಿಗೆ ಹಾಕಿದರೆ ದಾರಿಯೇ ಕಂಬದ ಮರೆಗೆ ಹೋಗಬಹುದು. ಫ್ಯಾನ್, ಗಾಳಿ ನುಗ್ಗುವ ಜಾಲಂಧ್ರ, ಬೆಳಗಿನ ಬಿಸಿಲು ನೇರವಾಗಿ ಬೀಳುವ ಜಾಗ, ಬಾವಲಿಗಳು ನೇತಾಡುವ ಮೂಲೆ ಇವುಗಳಿಂದ ಸೆನ್ಸರ್ ದೂರವಿರಬೇಕು. ಬಾವಲಿಗಳ ಓಡಾಟವಿರುವಲ್ಲಿ ಮೊದಲು ಅವು ಹೊರಹೋದ ಸಂಜೆಯ ಹೊತ್ತಿನಲ್ಲಿ ಕಿಂಡಿಗಳಿಗೆ ಬಲೆ ಹಾಕುವುದು ಒಳ್ಳೆಯದು. ಮರಿಗಳು ಒಳಗಿರುವ ಕಾಲದಲ್ಲಿ ಈ ಕೆಲಸ ಬೇಡ.

ಕಲ್ಲಿನ ಛಾವಣಿಗೆ ಡ್ರಿಲ್ ಬೇಡ

ಶ್ರವಣಬೆಳಗೊಳದ ಅಕ್ಕನ ಬಸದಿ (1181), ಹಳೇಬೀಡಿನ ಪಾರ್ಶ್ವನಾಥ ಬಸದಿ (1133) ಇಂಥವು ಸಂರಕ್ಷಿತ ಸ್ಮಾರಕಗಳು. 1958ರ ಕೇಂದ್ರ ಕಾಯ್ದೆ ಅಥವಾ 1961ರ ರಾಜ್ಯ ಕಾಯ್ದೆಯಡಿ ಸಂರಕ್ಷಿತವಾದ ಬಸದಿಯಲ್ಲಿ ಪುರಾತತ್ತ್ವ ಇಲಾಖೆಯ ಅನುಮತಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಪಟ್ಟಿಯಲ್ಲಿಲ್ಲದ ಬಸದಿಯಾದರೂ ಕಮಲ, ದಿಕ್ಪಾಲಕರ ಕೆತ್ತನೆಯಿರುವ ಭುವನೇಶ್ವರಿಗೆ ರಂಧ್ರ ಕೊರೆಯುವುದು ಸರಿಯಲ್ಲ. ಒಮ್ಮೆ ಸೀಳಿದ ಕಲ್ಲು ಮತ್ತೆ ಕೂಡುವುದಿಲ್ಲ.

ಇಂಥಲ್ಲಿ ಬೇರೆ ದಾರಿಗಳಿವೆ. ಕರಾವಳಿಯ ಬಸದಿಗಳಲ್ಲಿ ಮರದ ತೊಲೆಗಳಿದ್ದರೆ ಕೆತ್ತನೆಯಿಲ್ಲದ ತೊಲೆಗೆ ತೆಳು ಹಲಗೆಯನ್ನು ಪಟ್ಟಿಯಿಂದ ಬಿಗಿದು, ಆ ಹಲಗೆಗೆ ಸೆನ್ಸರ್ ಕೂರಿಸಬಹುದು. ಎರಡು ಗೋಡೆಗಳ ನಡುವೆ ರಬ್ಬರ್ ಬುಡದ ಪೈಪನ್ನು ಒತ್ತಿ ನಿಲ್ಲಿಸಿ ಅದಕ್ಕೂ ಹಾಕಬಹುದು. ವೈರ್ ಎಳೆಯಲು ಆಗದಿದ್ದರೆ ಬ್ಯಾಟರಿಯ ವೈರ್‌ಲೆಸ್ ಸೆನ್ಸರ್ ಇದೆ. ದಪ್ಪ ಕಲ್ಲಿನ ಗೋಡೆ ಸಿಗ್ನಲ್ ತಡೆಯುವುದರಿಂದ ಕೊಳ್ಳುವ ಮುನ್ನ ಅದೇ ಜಾಗದಲ್ಲಿ ಹಿಡಿದು ಪರೀಕ್ಷಿಸಬೇಕು.

ಅಳವಡಿಸುವ ಕ್ರಮ

ಆರ್‌ಸಿಸಿ ಛಾವಣಿಯ ಹೊಸ ಬಸದಿ, ಸಭಾಭವನ ಅಥವಾ ಮನೆಗೆ ಈ ಕ್ರಮ ಹೊಂದುತ್ತದೆ. ಕೆಲಸವನ್ನು ಎಲೆಕ್ಟ್ರಿಷಿಯನ್ ಮಾಡಿದರೂ ಆಡಳಿತ ಮಂಡಳಿಯವರೊಬ್ಬರು ಜೊತೆಗಿದ್ದು ನೋಡುವುದು ಮೇಲು.

1. ಕಂಟ್ರೋಲ್ ಪ್ಯಾನೆಲ್‌ನ ಕರೆಂಟ್ ಆಫ್ ಮಾಡಿ, ಒಳಗಿನ ಬ್ಯಾಟರಿಯ ವೈರನ್ನೂ ಬಿಚ್ಚಿಡಿ. ಬ್ಯಾಟರಿ ಬಿಚ್ಚದಿದ್ದರೆ ಕೆಲಸದ ನಡುವೆ ಸೈರನ್ ಕೂಗುತ್ತದೆ.

2. ಪ್ಯಾನೆಲ್‌ನಿಂದ ಸೆನ್ಸರ್‌ವರೆಗೆ ಆರು ಎಳೆಯ ಅಲಾರಂ ಕೇಬಲ್ ಎಳೆಯಿರಿ. 230 ವೋಲ್ಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ. ಸುಮಾರು 30 ಸೆಂಟಿಮೀಟರ್ ಅಂತರವಿರಲಿ.

3. ಸೆನ್ಸರ್‌ನ ಮುಚ್ಚಳವನ್ನು ತಿರುಗಿಸಿ ತೆಗೆಯಿರಿ. ತಳದ ಬಿಲ್ಲೆಯನ್ನು ಛಾವಣಿಗೆ ಹಿಡಿದು ಗುರುತು ಮಾಡಿ, ರಂಧ್ರ ಕೊರೆದು, ಪ್ಲಗ್ ಹಾಕಿ ಸ್ಕ್ರೂ ಬಿಗಿಯಿರಿ. ಬಿಲ್ಲೆ ನೆಲಕ್ಕೆ ಸಮವಾಗಿರಬೇಕು, ಓರೆಯಾದರೆ ನೋಟವೂ ಓರೆಯಾಗುತ್ತದೆ. ಜಿಪ್ಸಂ ಸೀಲಿಂಗ್ ಇದ್ದರೆ ಬರೀ ಹಾಳೆಗೆ ಬಿಗಿಯದೆ ಅದರ ಚೌಕಟ್ಟಿಗೆ ಬಿಗಿಯಿರಿ.

4. ಒಳಗಿನ ಚಿಕ್ಕ ಲೋಹದ ಗುಂಡಿಯಂಥ ಭಾಗವೇ ಶಾಖ ಗ್ರಹಿಸುವ ಕಣ್ಣು. ಅದನ್ನು ಬೆರಳಿನಿಂದ ಮುಟ್ಟಬೇಡಿ.

5. ಎರಡು ಎಳೆ 12 ವೋಲ್ಟ್ ವಿದ್ಯುತ್ತಿಗೆ, ಪ್ಲಸ್ ಮತ್ತು ಮೈನಸ್ ಅದಲುಬದಲಾಗಬಾರದು. ಎರಡು ಎಳೆ ಅಲಾರಂ ರಿಲೇಗೆ. ಉಳಿದೆರಡು ಟ್ಯಾಂಪರ್ ಸ್ವಿಚ್‌ಗೆ, ಅಂದರೆ ಯಾರಾದರೂ ಮುಚ್ಚಳ ತೆಗೆದರೆ ತಿಳಿಸುವ ಸ್ವಿಚ್‌ಗೆ. ರಿಲೇ ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುವ ಬಗೆಯದಾಗಿರಲಿ. ಆಗ ವೈರ್ ಕತ್ತರಿಸಿದರೂ ಸೈರನ್ ಕೂಗುತ್ತದೆ.

6. ಪ್ಯಾನೆಲ್ ಜೊತೆ ಕೊಡುವ ಎಂಡ್ ಆಫ್ ಲೈನ್ ರೆಸಿಸ್ಟರ್ ಅನ್ನು ಸೆನ್ಸರ್ ತುದಿಯಲ್ಲೇ ಹಾಕಿಸಿ. ಸುಲಭವೆಂದು ಕೆಲವರು ಪ್ಯಾನೆಲ್ ಪೆಟ್ಟಿಗೆಯೊಳಗೇ ಹಾಕುತ್ತಾರೆ. ಹಾಗೆ ಹಾಕಿದರೆ ದಾರಿಯಲ್ಲಿ ಯಾರಾದರೂ ಎರಡು ವೈರ್ ಕೂಡಿಸಿಟ್ಟರೂ ಪ್ಯಾನೆಲ್‌ಗೆ ಗೊತ್ತಾಗುವುದಿಲ್ಲ.

7. ಕೇಬಲ್ ಬಂದ ರಂಧ್ರವನ್ನು ಸಿಲಿಕೋನ್‌ನಿಂದ ಮುಚ್ಚಿ. ಇರುವೆ, ಜೇಡ ಒಳಸೇರಿ ಕಣ್ಣಿನ ಮುಂದೆ ಓಡಾಡಿದರೆ ಸುಳ್ಳು ಕೂಗು ಖಚಿತ. ಒಳಗೆ ಸಿಕ್ಕಿದ ಜೀವಗಳೂ ಸಾಯುತ್ತವೆ. ಈ ಒಂದು ಸಣ್ಣ ಕೆಲಸ ಎರಡನ್ನೂ ತಪ್ಪಿಸುತ್ತದೆ.

8. ಕರೆಂಟ್ ಕೊಟ್ಟು, ಒಂದೆರಡು ನಿಮಿಷ ಸೆನ್ಸರ್ ಹದಕ್ಕೆ ಬರಲು ಬಿಡಿ.

ನಡೆದು ಪರೀಕ್ಷಿಸುವುದು

ಈ ಹಂತವನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ. ಪ್ಯಾನೆಲ್ ಅನ್ನು ಪರೀಕ್ಷಾ ಸ್ಥಿತಿಗೆ ಹಾಕಿ, ಒಬ್ಬರು ಬಾಗಿಲಿನಿಂದ ಗರ್ಭಗೃಹದತ್ತ ಸಹಜವಾಗಿ ನಡೆಯಲಿ. ಸೆನ್ಸರ್‌ನ ಕೆಂಪು ದೀಪ ಎಲ್ಲಿ ಹೊತ್ತಿತೆಂದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ನಾಲ್ಕೂ ದಿಕ್ಕಿನಿಂದ ಹೀಗೆ ಮಾಡಿ. ಕಿಟಕಿಯ ಕೆಳಗಿನಿಂದ, ಕಂಬದ ಹಿಂದಿನಿಂದ, ನಿಧಾನವಾಗಿ ಬಗ್ಗಿಕೊಂಡು ಸಹ ನಡೆದು ನೋಡಿ. ದೀಪ ಹೊತ್ತದ ಜಾಗವೇ ಕಳ್ಳನ ದಾರಿ.

ಆಮೇಲೆ ಎಲ್ಲರೂ ಹೊರಗೆ ಬಂದು, ನಂದಾದೀಪ ಉರಿಯುತ್ತಿರುವಂತೆಯೇ ಬಾಗಿಲು ಹಾಕಿ. ಸೈರನ್ ಕಳಚಿಟ್ಟು ಎರಡು ಮೂರು ರಾತ್ರಿ ಪ್ಯಾನೆಲ್‌ನ ದಾಖಲೆ ಮಾತ್ರ ನೋಡಿ. ಯಾರೂ ಇಲ್ಲದೆಯೂ ಸೂಚನೆ ಬಂದಿದ್ದರೆ ಕಾರಣ ಹುಡುಕಿ. ದೀಪದ ಕಡೆ ನೋಡುವ ಲೆನ್ಸ್ ಭಾಗವನ್ನು ಸೆನ್ಸರ್ ಜೊತೆ ಬರುವ ಅಂಟುಪಟ್ಟಿಯಿಂದ ಮುಚ್ಚಬಹುದು. ಪಲ್ಸ್ ಕೌಂಟ್ ಎಂಬ ಜಂಪರನ್ನು ಹೆಚ್ಚಿಸಿದರೆ ಒಂದಲ್ಲ, ಎರಡು ಮೂರು ಪಟ್ಟಿ ದಾಟಿದ ಮೇಲಷ್ಟೇ ಸೂಚನೆ ಹೋಗುತ್ತದೆ. ಹೆಚ್ಚಿಸಿದ ಮೇಲೆ ಮತ್ತೊಮ್ಮೆ ನಡೆದು ಪರೀಕ್ಷಿಸಬೇಕು. ಎಲ್ಲ ಸರಿಯಾದ ಮೇಲೆ ಕೆಂಪು ದೀಪವನ್ನು ಆರಿಸಿಡಿ. ಹಗಲು ದರ್ಶನಕ್ಕೆ ಬಂದವರು ಅದನ್ನು ನೋಡಿ ಸೆನ್ಸರ್‌ನ ವ್ಯಾಪ್ತಿ ತಿಳಿಯುವಂತಾಗಬಾರದು.

ಕರಾವಳಿ, ಬಯಲುಸೀಮೆಯ ಬೇಸಿಗೆಯಲ್ಲಿ ಒಳಗಿನ ಬಿಸಿ ಮೈಯ ಶಾಖದ ಹತ್ತಿರಕ್ಕೆ ಬರುತ್ತದೆ. ಆಗ ಪಿ.ಐ.ಆರ್. ಮಂಕಾಗುತ್ತದೆ. ತಾಪಮಾನ ಸರಿದೂಗಿಸುವ ಸೌಲಭ್ಯವಿರುವ ಮಾದರಿಯನ್ನೇ ಕೊಂಡು, ಏಪ್ರಿಲ್ ಮೇ ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿ.

ಕರೆಂಟ್ ಹೋದಾಗ

ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿರುವುದುಂಟು. ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಪ್ಯಾನೆಲ್ ಮತ್ತು ಸೆನ್ಸರ್‌ಗಳು ಸೇರಿ 150 ಮಿಲಿ ಆಂಪಿಯರ್ ಎಳೆದರೆ ಲೆಕ್ಕದಲ್ಲಿ ಸುಮಾರು 46 ಗಂಟೆ ಬರಬೇಕು. ಸೈರನ್‌ಗೂ ಶಕ್ತಿ ಉಳಿಯಬೇಕು, ಬ್ಯಾಟರಿಯೂ ಹಳತಾಗುತ್ತದೆ. ಹಾಗಾಗಿ ಒಂದು ದಿನವೆಂದೇ ಎಣಿಸಿ. ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವುದು ಕ್ಷೇಮ.

ಸೈರನ್ ಕೂಗಿದ ಮೇಲೆ

ಸೂಚನೆ ಪುರೋಹಿತರ ಮೊಬೈಲಿಗೆ ಮಾತ್ರ ಹೋದರೆ ಸಾಲದು. ಪ್ಯಾನೆಲ್‌ಗೆ ಸಿಮ್ ಹಾಕಿ ಆಡಳಿತ ಮಂಡಳಿಯ ಇಬ್ಬರು, ಬಸದಿಯ ಹತ್ತಿರದ ಒಂದೆರಡು ಮನೆಯವರು, ಹೀಗೆ ನಾಲ್ಕೈದು ನಂಬರ್ ಸೇರಿಸಿ. ಅಕ್ಕಪಕ್ಕದವರು ಯಾವ ಸಮುದಾಯದವರಾದರೂ ಸರಿ, ಮೊದಲು ಓಡಿ ಬರುವವರು ಅವರೇ. ಪುರೋಹಿತರು ಒಬ್ಬರೇ ಬಾಗಿಲು ತೆರೆದು ಒಳಹೋಗಬಾರದು. ಹೊರಗಿನ ದೀಪ ಹಾಕಿ, ಜನ ಸೇರಿಸಿ, 112ಕ್ಕೆ ಕರೆ ಮಾಡಿ, ಪೊಲೀಸರು ಬರುವವರೆಗೆ ಹೊರಗೇ ನಿಲ್ಲಬೇಕೆಂದು ಮೊದಲೇ ತೀರ್ಮಾನಿಸಿಡಿ. ಮೂರ್ತಿ ದೊಡ್ಡದು, ಮನುಷ್ಯನ ಜೀವ ಅದಕ್ಕಿಂತ ದೊಡ್ಡದು.

ಮುನಿಗಳು, ಆರ್ಯಿಕೆಯರು, ತ್ಯಾಗಿಗಳು ವಿಹಾರದಲ್ಲಿ ಬಂದು ಬಸದಿಯ ಆವರಣದಲ್ಲಿ ತಂಗುವ ದಿನಗಳಿರುತ್ತವೆ. ಅದಕ್ಕಾಗಿ ಮುಖಮಂಟಪ, ತ್ಯಾಗಿನಿವಾಸ, ನವರಂಗಗಳಿಗೆ ಬೇರೆ ಬೇರೆ ಜೋನ್ ಮಾಡಿಸಿ. ತ್ಯಾಗಿಗಳಿರುವ ಭಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಆನ್ ಮಾಡಬಹುದು. ಮನೆ ಚೈತ್ಯಾಲಯವಿರುವ ಕುಟುಂಬಗಳಿಗೂ ಇದೇ ಮಾತು: ಮಲಗುವ ಕೋಣೆಗಳನ್ನು ಬಿಟ್ಟು, ಚೈತ್ಯಾಲಯಕ್ಕೆ ಹೋಗುವ ಹಜಾರದ ಸೆನ್ಸರ್ ಅಷ್ಟೇ ರಾತ್ರಿ ಎಚ್ಚರವಿದ್ದರೆ ಸಾಕು.

ವರ್ಷದ ನಿರ್ವಹಣೆ

ನಮ್ಮ ಪರ್ವಗಳ ಜೊತೆ ಹೊಂದಿಸಿಕೊಂಡರೆ ಮರೆಯುವುದಿಲ್ಲ. ಮಹಾವೀರ ಜಯಂತಿ, ದಶಲಕ್ಷಣ ಪರ್ವ, ದೀಪಾವಳಿಗೆ ಬಸದಿ ಸ್ವಚ್ಛ ಮಾಡುವಾಗ ಮೃದುವಾದ ಒಣ ಬಟ್ಟೆಯಿಂದ ಲೆನ್ಸ್ ಒರೆಸಿ. ಜೇಡರ ಬಲೆಯಿದ್ದರೆ ಮೊದಲು ಮೆತ್ತನೆಯ ಕುಂಚದಿಂದ ಜೇಡವನ್ನು ಆಚೆ ಬಿಡಿ. ಸುಣ್ಣ ಬಣ್ಣ ಹೊಡೆಯುವಾಗ ಲೆನ್ಸ್ ಮೇಲೆ ಒಂದು ಹನಿಯೂ ಬೀಳಬಾರದು. ಅದೇ ದಿನ ಒಮ್ಮೆ ನಡೆದು ಪರೀಕ್ಷಿಸಿ, ಕರೆಂಟ್ ಆಫ್ ಮಾಡಿ ಬ್ಯಾಟರಿಯಲ್ಲಿ ಸೈರನ್ ಕೂಗಿಸಿ, ದಿನಾಂಕವನ್ನು ಬಸದಿಯ ಪುಸ್ತಕದಲ್ಲಿ ಬರೆದಿಡಿ.

ಇದರ ಜೊತೆಗೆ ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ಪ್ರತಿ ಮೂರ್ತಿಯ ಮುಂಭಾಗ, ಹಿಂಭಾಗ, ಪೀಠದ ಶಾಸನ ಇವುಗಳ ಫೋಟೋ ತೆಗೆದು, ಎತ್ತರ, ತೂಕ, ಹಳೆಯ ಗಾಯದ ಗುರುತುಗಳನ್ನು ಬರೆದು, ಒಂದು ಪ್ರತಿಯನ್ನು ಬಸದಿಯ ಹೊರಗೆ ಇಡಿ. ಕಳವಾದ ಮೂರ್ತಿ ಎಲ್ಲಾದರೂ ಸಿಕ್ಕಾಗ ಅದು ನಮ್ಮದೆಂದು ಹೇಳಲು ಆ ಫೋಟೋವೇ ಆಧಾರ.