ಎರವಲು ಬೇರಿನ ಕಳ್ಳಿ

ಹೂಗಿಡಗಳನ್ನು ಮಾರುವ ಅಂಗಡಿಗಳಲ್ಲಿ ಒಂದು ವಿಚಿತ್ರ ಸಸ್ಯವನ್ನು ವಾಚಕರು ಕಂಡಿರಬಹುದು. ಬೆರಳುದ್ದದ, ಮೂರು ಏಣುಗಳುಳ್ಳ ಹಸುರು ಕಾಂಡ. ಅದರ ನೆತ್ತಿಯ ಮೇಲೆ ನಿಂಬೆಹಣ್ಣಿನ ಗಾತ್ರದ, ಕಡುಗೆಂಪು ಬಣ್ಣದ ಮುಳ್ಳುಗುಂಡು. ಹೂವೆಂದು ತಿಳಿದು ಕೊಂಡೊಯ್ದವರು ಅದು ಇಂದು ಬಾಡೀತು, ನಾಳೆ ಬಾಡೀತು ಎಂದು ಕಾಯುವುದುಂಟು. ತಿಂಗಳುಗಳು ಕಳೆದರೂ ಅದು ಬಾಡುವುದಿಲ್ಲ. ಏಕೆಂದರೆ ಅದು ಹೂವಲ್ಲ, ಒಂದು ಇಡಿಯ ಗಿಡ. ಕೆಳಗಿನ ಹಸುರು ಕಾಂಡ ಮತ್ತೊಂದು ಗಿಡ.

ಮೇಲಿನ ಗುಂಡಿನ ಪೂರ್ವಜರು ದಕ್ಷಿಣ ಅಮೆರಿಕದ ಪರಾಗ್ವೆ ದೇಶದವರು. ಜಿಮ್ನೊಕೇಲಿಸಿಯಂ ಎಂಬ ಕುಲಕ್ಕೆ ಸೇರಿದವರು. ೧೯೪೧ರಲ್ಲಿ ಜಪಾನಿನ ಐಜಿ ವಟನಾಬೆ ಎಂಬವರು ಬಿತ್ತಿದ ಬೀಜಗಳಿಂದ ಮೊಳೆತ ಸಸಿಗಳ ನಡುವೆ ಕೆಂಪು ಸಸಿಗಳು ಕಾಣಿಸಿಕೊಂಡವು. ಅವುಗಳಲ್ಲಿ ಪತ್ರಹರಿತ್ತು ಇರಲಿಲ್ಲ. ಬೀಟ್‌ರೂಟಿಗೆ ಕೆಂಪು ಕೊಡುವ ವರ್ಗದ ವರ್ಣದ್ರವ್ಯವೊಂದೇ ಉಳಿದಿತ್ತು. ಪತ್ರಹರಿತ್ತಿಲ್ಲದ ಸಸ್ಯ ಬಿಸಿಲಿನಲ್ಲಿ ನಿಂತರೂ ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು. ಬೀಜದ ಬುತ್ತಿ ಮುಗಿದೊಡನೆ ಸಾಯಬೇಕಾದುದೇ. ವಟನಾಬೆಯವರು ಅವನ್ನು ಹಸುರು ಕಳ್ಳಿಯ ಮೇಲೆ ಕಸಿಮಾಡಿ ಉಳಿಸಿದರು. ‘ಹಿಬೋತಾನ್’, ಎಂದರೆ ಕೆಂಪು ಪಿಯೊನಿ ಹೂವು, ಎಂಬ ಹೆಸರಿನಿಂದ ಆ ಸಂತತಿ ಇಂದು ಲೋಕದ ತುಂಬ ಹರಡಿದೆ.

ಕಸಿಯ ವಿಧಾನಕ್ಕೆ ಮುನ್ನ ಹೆಸರಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಚದುರಗಳ್ಳಿಯೂ ಕಳ್ಳಿಯೇ, ಪಾಪಾಸುಕಳ್ಳಿಯೂ ಕಳ್ಳಿಯೇ. ಆದರೆ ಮೊದಲನೆಯದು ಯೂಫೋರ್ಬಿಯಾ ಕುಲದ್ದು. ಗೀರಿದರೆ ಹಾಲು ಸುರಿಸುತ್ತದೆ, ಆ ಹಾಲು ಕಣ್ಣಿಗೆ ತಗಲಿದರೆ ಅಪಾಯ. ಎರಡನೆಯದು ಅಮೆರಿಕ ಖಂಡದಿಂದ ಬಂದ ಕ್ಯಾಕ್ಟಸ್. ಅದರ ಮುಳ್ಳುಗಳು ಪುಟ್ಟ ಮೆತ್ತೆಗಳಂಥ ಗುರುತುಗಳಿಂದ ಗೊಂಚಲಾಗಿ ಏಳುತ್ತವೆ. ಈ ಎರಡು ಮನೆತನಗಳಿಗೆ ಕಸಿಯ ನಂಟು ಕೂಡದು. ಅತ್ತ, ನಮ್ಮ ಮನೆಗಳಲ್ಲಿ ‘ಬ್ರಹ್ಮಕಮಲ’ವೆಂದು ರಾತ್ರಿ ಎಚ್ಚರವಿದ್ದು ನೋಡುವ ಗಿಡ, ಮುಳ್ಳಿಲ್ಲದಿದ್ದರೂ, ಅಪ್ಪಟ ಕ್ಯಾಕ್ಟಸ್!

ಕ್ಯಾಕ್ಟಸಿನ ಕಾಂಡವನ್ನು ಅಡ್ಡಲಾಗಿ ಕೊಯ್ದರೆ ತಿರುಳಿನ ನಡುವೆ ತೆಳುವಾದ ಉಂಗುರವೊಂದು ಕಾಣುತ್ತದೆ. ನೀರನ್ನೂ ಆಹಾರವನ್ನೂ ಸಾಗಿಸುವ ನಾಳಗಳು ಇರುವುದು ಅಲ್ಲಿ. ಹೊಸ ಜೀವಕೋಶಗಳನ್ನು ಹುಟ್ಟಿಸುವ ಕೇಂಬಿಯಮ್ ಪದರವಿರುವುದೂ ಅಲ್ಲಿಯೇ. ಕಸಿಯ ರಹಸ್ಯವೆಲ್ಲ ಈ ಉಂಗುರದಲ್ಲಿದೆ. ಮೇಲಿನ ಕುಡಿಯ ಉಂಗುರವೂ ಕೆಳಗಿನ ಬೇರುಸಸಿಯ ಉಂಗುರವೂ ಎಲ್ಲಿಯಾದರೂ ಒಂದನ್ನೊಂದು ಮುಟ್ಟಲೇಬೇಕು. ಚಿಕ್ಕ ಕುಡಿಯನ್ನು ಅಂದಕ್ಕಾಗಿ ನಟ್ಟನಡುವೆ ಕೂರಿಸಿದರೆ ಚಿಕ್ಕ ಉಂಗುರ ದೊಡ್ಡದರೊಳಗೆ ಸೇರಿ, ಎಲ್ಲಿಯೂ ತಾಗದೆ ಒಣಗುವುದು. ತುಸು ಪಕ್ಕಕ್ಕೆ ಸರಿಸಿದರೆ ಉಂಗುರಗಳು ಎರಡು ಕಡೆ ಪರಸ್ಪರ ಹಾಯುತ್ತವೆ, ಅಷ್ಟು ಸಾಕು.

ಬೇರುಸಸಿಗಾಗಿ ದೂರ ಹೋಗಬೇಕಾಗಿಲ್ಲ. ಅಂಗಡಿಯ ಕೆಂಪುಗುಂಡಿನ ಕೆಳಗಿರುವ ಮೂರೇಣಿನ ಕಾಂಡ ಡ್ರ್ಯಾಗನ್ ಹಣ್ಣಿನ ಬಳ್ಳಿಯದು. ಈಗ ಕರ್ನಾಟಕದಲ್ಲಿಯೂ ಅದರ ತೋಟಗಳಿವೆ. ಸವರಿ ಬಿಸಾಡಿದ ತುಂಡೊಂದನ್ನು ಕೇಳಿ ತಂದು, ಗಾಯ ಒಣಗಿಸಿ, ಮರಳುಮಣ್ಣಿನಲ್ಲಿ ನೆಟ್ಟರೆ ಬೇರುಬಿಡುತ್ತದೆ. ಕಸಿಗೆ ಒಣಹವೆಯ, ಗಿಡ ಚುರುಕಾಗಿ ಬೆಳೆಯುವ ಕಾಲ ಒಳ್ಳೆಯದು. ಜಡಿಮಳೆಯ ದಿನಗಳಲ್ಲಿ ಕೈಹಾಕಬಾರದು. ಹೊಸ ಬ್ಲೇಡನ್ನು ಸ್ಪಿರಿಟ್ಟಿನಿಂದ ಒರೆಸಿ, ಕಾಂಡವನ್ನು ಒಂದೇ ಎಳೆತಕ್ಕೆ ಸಮತಲವಾಗಿ ಕೊಯ್ಯಬೇಕು. ಏಣುಗಳ ಅಂಚನ್ನು ಓರೆಯಾಗಿ ಕೆತ್ತಬೇಕು. ಇಲ್ಲದಿದ್ದರೆ ತಿರುಳು ಒಣಗಿ ಕುಗ್ಗುವಾಗ ಬಿರುಸಾದ ಸಿಪ್ಪೆ ಮೇಲೆದ್ದು ಕುಡಿಯನ್ನು ಎತ್ತಿಬಿಡುವುದು. ಕುಡಿಯನ್ನೂ ಹಾಗೆಯೇ ಕೊಯ್ದು, ತಡಮಾಡದೆ ಕೂರಿಸಿ, ಗಾಳಿಗುಳ್ಳೆ ಉಳಿಯದಂತೆ ಮೆಲ್ಲನೆ ತಿರುವಿ ಒತ್ತಿ, ಕುಂಡದ ತಳವನ್ನು ಬಳಸಿ ರಬ್ಬರ್‌ಬ್ಯಾಂಡ್ ಹಾಕಬೇಕು. ವಾರ ಹತ್ತು ದಿನ ನೆರಳಿನಲ್ಲಿಟ್ಟು, ಗಾಯಕ್ಕೆ ನೀರು ಸೋಕದಂತೆ ನೋಡಿಕೊಂಡರೆ ಕೆಲಸ ಮುಗಿಯಿತು.

ಇದಕ್ಕಿಂತ ಸ್ವಾರಸ್ಯವಾದುದು ಪೆರೆಸ್ಕಿಯಾಪ್ಸಿಸ್ ಎಂಬ ಬೇರುಸಸಿ. ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಈ ಕ್ಯಾಕ್ಟಸಿಗೆ ನಿಜವಾದ ಎಲೆಗಳಿವೆ. ನೀರಿನ ದಾಹವೂ ಬಲು ಹೆಚ್ಚು. ಕೆಲವೇ ವಾರಗಳ, ಸಾಸಿವೆ ಕಾಳಿಗಿಂತ ತುಸು ದಪ್ಪನೆಯ ಸಸಿಯನ್ನು ಕೊಯ್ದು ಇದರ ತುದಿಯ ಮೇಲಿಟ್ಟರೆ ಲೋಳೆಯೇ ಅಂಟಾಗಿ ಹಿಡಿದುಕೊಳ್ಳುತ್ತದೆ. ಕೆಲವು ದಿನ ಗಾಜಿನ ಲೋಟದಿಂದ ಮುಚ್ಚಿ ತೇವ ಕಾದರಾಯಿತು. ಸ್ವಂತ ಬೇರಿನ ಮೇಲೆ ವರ್ಷಗಟ್ಟಲೆ ಹಿಡಿಯುವ ಬೆಳವಣಿಗೆ ಇಲ್ಲಿ ತಿಂಗಳುಗಳಲ್ಲಿ ಆಗುತ್ತದೆ. ಒಂದು ಎಚ್ಚರಿಕೆ: ಇದರ ಕೂದಲೆಳೆಯಂಥ ಕಿರುಮುಳ್ಳುಗಳು ಬೆರಳಿಗೆ ಹೊಕ್ಕರೆ ದಿನವಿಡೀ ಕಾಡುತ್ತವೆ.

ಇಂಥ ದಾಹದ ಗಿಡಕ್ಕೆ ಮಣ್ಣಾದರೂ ಏಕೆ? ಮಣ್ಣಿಲ್ಲದೆ, ಲವಣಗಳ ದ್ರಾವಣದಲ್ಲಿ ಸಸ್ಯವನ್ನು ಬೆಳೆಸಬಹುದೆಂದು ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ೧೮೬೦ರ ಸುಮಾರಿನಲ್ಲಿಯೇ ತೋರಿಸಿದ್ದರು. ಮನೆಯಲ್ಲಿ ಮಾಡುವವರು ಗಾಜಿನ ಜಾಡಿಯೊಂದಕ್ಕೆ ಕಪ್ಪು ಕಾಗದ ಸುತ್ತಲಿ. ಬೆಳಕು ಬಿದ್ದರೆ ಪಾಚಿ ಕಟ್ಟುವುದು. ಮುಚ್ಚಳದ ತೂತಿನಲ್ಲಿ ಕಾಂಡವನ್ನು ಸ್ಪಂಜಿನಿಂದ ನಿಲ್ಲಿಸಿ, ಬೇರುಗಳ ಕೆಳಭಾಗ ಮಾತ್ರ ನೀರಿನಲ್ಲಿ, ಮೇಲುಭಾಗ ಗಾಳಿಯಲ್ಲಿ ಇರುವಂತೆ ಮಾಡಬೇಕು. ಬೇರೂ ಉಸಿರಾಡುತ್ತದೆ; ಮುಳುಗಿಸಿದರೆ ಕೊಳೆಯುತ್ತದೆ. ಮೀನಿನ ತೊಟ್ಟಿಯ ಗಾಳಿಪಂಪು ಇದ್ದರೆ ಇನ್ನೂ ಲೇಸು. ಸುಣ್ಣದ ಅಂಶವೂ ಸೂಕ್ಷ್ಮ ಪೋಷಕಗಳೂ ಸೇರಿರುವ ಗೊಬ್ಬರವನ್ನು, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧಕ್ಕೂ ಕಡಿಮೆ ಬೆರೆಸಿ, ವಾರಕ್ಕೊಮ್ಮೆ ದ್ರಾವಣವನ್ನು ಬದಲಿಸಬೇಕು. ಕೊಳವೆಬಾವಿಯ ಗಡಸು ನೀರಿಗಿಂತ ಮಳೆನೀರು ಮೇಲು. ಸದಾ ತೇವದಲ್ಲಿ ಸ್ವಂತ ಬೇರು ಕೊಳೆತು ಸಾಯುವ ಮರುಭೂಮಿಯ ಜಾತಿಗಳೂ ಈ ಮಧ್ಯವರ್ತಿಯ ಮೂಲಕ ನೀರಿನ ಮೇಲೆ ಬಾಳುತ್ತವೆ. ಹಾಗೆಂದು ಅತಿಯಾಗಿ ಉಣಿಸಿದರೆ ಕುಡಿ ಉಬ್ಬಿ ಸಿಪ್ಪೆ ಸೀಳುತ್ತದೆ. ಹೀಗೆ ಊದಿಕೊಂಡ ಗಿಡಕ್ಕೆ ಬಿಸಿಲಿನಲ್ಲಿ ಬೆಂದು ಬೆಳೆದ ಗಿಡದ ಗಾಂಭೀರ್ಯವಿಲ್ಲವೆಂದೇ ನನ್ನ ಅಭಿಪ್ರಾಯ.

ಆದರೂ ಈ ಅವಸರಕ್ಕೆ ಸಮರ್ಥನೆಯಿದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯ ಕೋಪಿಯಪೋವಾ ಅತಿ ನಿಧಾನವಾಗಿ ಬೆಳೆಯುತ್ತದೆ. ಅದು ಬೆಳೆಯುವವರೆಗೆ ಕಾಯಲಾರದ ಸಂಗ್ರಾಹಕರಿಗಾಗಿ ಕಳ್ಳರು ಮುದಿಗಿಡಗಳನ್ನೇ ಕಿತ್ತು ಸಾಗಿಸುತ್ತಾರೆ. ೨೦೨೦ರಲ್ಲಿ ಇಟಲಿಯ ಪೊಲೀಸರು ಅಂಥ ಸುಮಾರು ೧೦೦೦ ಗಿಡಗಳನ್ನು ಒಬ್ಬನ ಬಳಿ ವಶಪಡಿಸಿಕೊಂಡರು. ಮರುವರ್ಷ ೮೦೦ಕ್ಕೂ ಹೆಚ್ಚು ಗಿಡಗಳು ಚಿಲಿಗೆ ಮರಳಿದವು. ೨೦೧೫ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಪರಿಶೀಲಿಸಿದ ೧೪೭೮ ಕ್ಯಾಕ್ಟಸ್ ಜಾತಿಗಳಲ್ಲಿ ನೂರಕ್ಕೆ ೩೧ರಷ್ಟು ಅಳಿವಿನ ಭೀತಿಯಲ್ಲಿವೆ. ಬೀಜದಿಂದ ಹುಟ್ಟಿ ಕಸಿಯಿಂದ ಬೇಗ ಬೆಳೆದ ಗಿಡ ಬೇಗ ಹೂಬಿಟ್ಟು ಮತ್ತೆ ಬೀಜ ಕೊಡುತ್ತದೆ. ಅದು ಅಗ್ಗವಾಗಿ ಸಿಕ್ಕಷ್ಟೂ ಕಾಡಿನ ಗಿಡಕ್ಕೆ ಬೆಲೆ ಕಟ್ಟುವವರು ಕಡಿಮೆಯಾದಾರು.

ಚೆನ್ನಾಗಿ ಬೆಳೆದ ಹಸುರು ಕುಡಿಯನ್ನು ಕೊನೆಗೆ ಸ್ವಂತ ಬೇರಿಗೆ ಇಳಿಸಲೂಬಹುದು. ಕಸಿಯ ಮೇಲ್ಭಾಗದಲ್ಲಿ ಕೊಯ್ದು, ಎರಡು ಮೂರು ವಾರ ನೆರಳಿನಲ್ಲಿ ಗಾಯ ಒಣಗಿಸಿ, ಒಣ ಜಲ್ಲಿಮರಳಿನ ಮೇಲೆ ಕೂರಿಸಿದರೆ ಕ್ರಮೇಣ ಬೇರು ಇಳಿಯುತ್ತದೆ. ಕೆಂಪುಗುಂಡಿಗೆ ಮಾತ್ರ ಈ ಬಿಡುಗಡೆಯಿಲ್ಲ. ಕೆಳಗಿನ ಕಾಂಡ ಕೆಲವು ವರ್ಷಗಳಲ್ಲಿ ಮುಪ್ಪಾಗುತ್ತದೆ. ಅದರ ಬುಡ ಮೆತ್ತಗಾಗಿ ಹಳದಿಗೆ ತಿರುಗುವ ಮೊದಲೇ ಗುಂಡಿನ ಮರಿಗಳನ್ನು ಬಿಡಿಸಿ ಹೊಸ ಕಾಂಡಗಳ ಮೇಲೆ ಏರಿಸಬೇಕು.